ಆಕಾಶದಲ್ಲೊಂದು ಉಳಿ

ಶಾಸನ ಓದೋ ಹುಚ್ಚಿನ ಜೊತೆಗೆ ನನಗೆ ನಕ್ಷತ್ರ ನೋಡೋ ಚಟವೂ ಇದೆ. ದಕ್ಷಿಣ ಆಕಾಶದ ಪುಂಜಗಳ ಪಟ್ಟಿಯಲ್ಲಿ ‘ಕೈಲುಮ್’ ಅನ್ನೋ ಲ್ಯಾಟಿನ್ ಹೆಸರು ಕಂಡಾಗ ನಿಘಂಟು ತೆಗೆದೆ. ಅರ್ಥ ‘ಆಕಾಶ’ ಅಂತಿತ್ತು. ಆಕಾಶದಲ್ಲೇ ‘ಆಕಾಶ’ ಎಂಬ ಪುಂಜ! ಖುಷಿಯಾಗಿ ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ಅದು ಶುದ್ಧ ತಪ್ಪು ಓದು.

ಫ್ರಾನ್ಸಿನ ಖಗೋಳಜ್ಞ ನಿಕೊಲಾ ಲೂಯಿ ದ ಲಕಾಯ್ 1751–52ರಲ್ಲಿ ಆಫ್ರಿಕಾದ ಗುಡ್ ಹೋಪ್ ಭೂಶಿರದಲ್ಲಿ ಕೂತು, ಅರ್ಧ ಇಂಚು ಬಾಯಿಯ ಪುಟ್ಟ ದೂರದರ್ಶಕದಲ್ಲಿ ಸುಮಾರು 10,000 ನಕ್ಷತ್ರಗಳ ಸ್ಥಾನ ಗುರುತಿಸಿದ. 14 ಹೊಸ ಪುಂಜಗಳನ್ನೂ ಮಾಡಿದ. ಅವುಗಳಲ್ಲಿ ದೇವರಿಲ್ಲ, ವೀರರಿಲ್ಲ. ಗಡಿಯಾರ, ಕುಲುಮೆ, ಕೈವಾರ, ಸೂಕ್ಷ್ಮದರ್ಶಕ ಹೀಗೆ ಬಹುತೇಕ ಎಲ್ಲವೂ ಸಲಕರಣೆಗಳು. 1756ರ ನಕ್ಷೆಯಲ್ಲಿ ನಮ್ಮ ಪುಂಜದ ಹೆಸರು ಫ್ರೆಂಚಿನಲ್ಲಿ ‘ಲೆ ಬ್ಯುರಾಂ’, ಅಂದರೆ ಕೆತ್ತನೆಯ ಉಳಿಗಳು. ಲೋಹದ ತಗಡಿನ ಮೇಲೆ ಗೆರೆ ಕೊರೆಯುವ ಉಳಿ ಇದು. ನಮ್ಮ ಲೆಕ್ಕದಲ್ಲಿ ಕಲ್ಲುಶಾಸನಕ್ಕಿಂತ ತಾಮ್ರಪಟದ ಕೆಲಸಕ್ಕೆ ಹತ್ತಿರ.

1763ರ ಲ್ಯಾಟಿನ್ ಆವೃತ್ತಿಯಲ್ಲಿ ಅದು ‘ಕೈಲುಮ್ ಸ್ಕಾಲ್ಪ್‌ಟೋರಿಯುಮ್’ ಆಯಿತು, ‘ಕೆತ್ತುವವನ ಉಳಿ’. ಲ್ಯಾಟಿನ್ನಿನಲ್ಲಿ ‘ಕೈಲುಮ್’ ಅಂದರೆ ಆಕಾಶವೂ ಹೌದು, ಉಳಿಯೂ ಹೌದು. ಎರಡನೇ ಪದ ಇದ್ದಷ್ಟು ದಿನ ಗೊಂದಲವಿರಲಿಲ್ಲ. 1844ರಲ್ಲಿ ಜಾನ್ ಹರ್ಷೆಲ್ ಹೆಸರನ್ನು ಮೊಟಕು ಮಾಡೋಣ ಎಂದ. ಮರುವರ್ಷದ ನಕ್ಷತ್ರಪಟ್ಟಿಯಲ್ಲಿ ಫ್ರಾನ್ಸಿಸ್ ಬೈಲಿ ಹಾಗೇ ಮಾಡಿದ. ಅರ್ಥ ಕಾಯುತ್ತಿದ್ದ ಪದವೇ ಹೋಯಿತು. ‘ಆಲ್ಫಾ ಕೈಲಿ’ ಅಂತ ಷಷ್ಠಿ ವಿಭಕ್ತಿ ಹಾಕಿ ನೋಡಿದರೂ ಸುಳಿವಿಲ್ಲ, ಎರಡೂ ಪದಗಳಿಗೆ ಅದೇ ರೂಪ.

ನಗಬೇಡಿ, ಕನ್ನಡದಲ್ಲೂ ಹೀಗೇ ಆಗಿದೆ. ಹಳಗನ್ನಡದಲ್ಲಿ ಕೆತ್ತುವ ಸಾಧನ ‘ಉಳಿ’, ಬಾಕಿಯಾಗು ಎಂಬ ಕ್ರಿಯೆ ‘ಉೞಿ’. ೞಕಾರ ಬಳಕೆ ತಪ್ಪಿ ಳಕಾರದಲ್ಲಿ ಸೇರಿಹೋದ ಮೇಲೆ ಎರಡೂ ಒಂದೇ. ಈಗ ಅಕ್ಕಪಕ್ಕದ ಪದ ನೋಡದೆ ಅರ್ಥ ಹೇಳೋಕಾಗಲ್ಲ. ಅಲ್ಲಿ ಒಂದು ಪದ ಬಿಟ್ಟುಹೋಯಿತು, ಇಲ್ಲಿ ಒಂದು ಅಕ್ಷರ.

ಆವತ್ತಿನಿಂದ ಪಡಿಯಚ್ಚು ಓದುವಾಗ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಒಂಟಿ ಪದ ಸಿಕ್ಕರೆ, ಅದರ ಪಕ್ಕ ಏನು ಒಡೆದುಹೋಗಿದೆ ಅಂತ ಮೊದಲು ನೋಡೋದು, ಅರ್ಥ ಆಮೇಲೆ.

ಜನವರಿ ಮಧ್ಯದಲ್ಲಿ, ರಾತ್ರಿ ಒಂಬತ್ತರ ಹೊತ್ತಿಗೆ, ಊರ ದೀಪಗಳಿಂದ ದೂರ ನಿಂತು ದಕ್ಷಿಣಕ್ಕೆ ನೋಡಿ. ಬೆಂಗಳೂರಿನ ಅಕ್ಷಾಂಶದಲ್ಲಿ ದಿಗಂತದಿಂದ ಸುಮಾರು 37 ಡಿಗ್ರಿ ಮೇಲೆ ಈ ಪುಂಜ ಇರುತ್ತೆ. ತೀರಾ ಮಂಕು, ಹುಡುಕಬೇಕು. ಸವೆದ ಅಕ್ಷರ ಹುಡುಕಿ ಅಭ್ಯಾಸವಿರೋ ನಮಗೆ ಅದೇನೂ ಕಷ್ಟವಲ್ಲ.