‘ನಾಳೆಯಿಂದ ಬರಬೇಡ’ ಎನ್ನುವ ಮುನ್ನ

ಶಿವಮೊಗ್ಗ ಜಿಲ್ಲೆಯಲ್ಲಿ ಕಾರ್ಮಿಕ ಕಾನೂನು ಎಂದರೆ ಬಹುಕಾಲ ಭದ್ರಾವತಿಯ ಮಾತಾಗಿತ್ತು. ಅಲ್ಲಿನ ಕಬ್ಬಿಣ ಮತ್ತು ಕಾಗದ ಕಾರ್ಖಾನೆಗಳಲ್ಲಿ ಸಂಘವಿತ್ತು, ಸ್ಥಾಯಿ ಆದೇಶಗಳಿದ್ದವು, ಆರೋಪ ಪಟ್ಟಿ ಎಂಬ ಪದ ಎಲ್ಲರಿಗೂ ಗೊತ್ತಿತ್ತು. ಶಿಕಾರಿಪುರ, ಸೊರಬದ ಕಡೆ ಬಂದರೆ ದುಡಿಮೆಯ ಜಾಗಗಳೇ ಬೇರೆ: ಅಕ್ಕಿ ಗಿರಣಿ, ಅಡಿಕೆ ಮಂಡಿ, ಜವಳಿ ಅಂಗಡಿ, ಹೋಟೆಲು, ಸಹಕಾರ ಸಂಘ, ಖಾಸಗಿ ಶಾಲೆ. ಐದಾರು ಜನ ನೌಕರರು, ಒಬ್ಬರು ಸಾಹುಕಾರರು. ಇಲ್ಲಿ ಕೆಲಸ ಹೋಗುವುದಕ್ಕೆ ‘ನಾಳೆಯಿಂದ ಬರಬೇಡ’ ಎಂಬ ಎರಡು ಪದ ಸಾಕಾಗುತ್ತಿತ್ತು. ಈ ಎರಡು ಪದಕ್ಕೆ ಕಾನೂನು ಒಂದೊಂದಾಗಿ ಷರತ್ತು ಹಾಕುತ್ತ ಬಂದಿದೆ.

ಮೊದಲ ಕಾಯ್ದೆಗಳು ದೊಡ್ಡ ಕಾರ್ಖಾನೆಯನ್ನು ಕಣ್ಣೆದುರಿಟ್ಟುಕೊಂಡು ಬರೆದವು. 1946ರ ಸ್ಥಾಯಿ ಆದೇಶಗಳ ಕಾಯ್ದೆ ಮೂಲದಲ್ಲಿ ನೂರು ಕಾರ್ಮಿಕರಿರುವ ಕಡೆಗೆ ಮಾತ್ರ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಒಬ್ಬನ ವಜಾ ಅವನೊಬ್ಬನ ಕಷ್ಟವಾಗಿಯೇ ಉಳಿಯುತ್ತಿತ್ತು. ಸಂಘವೋ ಸಹೋದ್ಯೋಗಿಗಳೋ ಬೆನ್ನಿಗೆ ನಿಂತರೆ ಮಾತ್ರ ಅದು ವಿವಾದ. ಸಂಘವೇ ಇಲ್ಲದ ಸೊರಬದ ಅಂಗಡಿಯ ಗುಮಾಸ್ತನಿಗೆ ಇದರಿಂದ ಏನೂ ದಕ್ಕುತ್ತಿರಲಿಲ್ಲ. 1965ರಲ್ಲಿ ಸೇರಿದ 2ಎ ಕಲಂ ಈ ಬಾಗಿಲು ತೆರೆಯಿತು. 1971ರಲ್ಲಿ ಬಂದ 11ಎ ಕಲಂ ಇನ್ನೂ ದೊಡ್ಡ ತಿರುವು ಎಂಬುದು ನನ್ನ ಎಣಿಕೆ. ತಪ್ಪು ನಿಜವಾದರೂ ಶಿಕ್ಷೆ ಅತಿಯಾಯಿತು ಎನಿಸಿದರೆ ಅದನ್ನು ಇಳಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಸಿಕ್ಕಿತು. ವಜಾಗೊಂಡವರು ಸರ್ಕಾರದ ಶಿಫಾರಸಿಗೆ ಕಾಯದೆ ಆರು ತಿಂಗಳೊಳಗೆ ನೇರವಾಗಿ ಆ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಕರ್ನಾಟಕ 1988ರಲ್ಲಿ ತನ್ನದೇ ತಿದ್ದುಪಡಿಯಿಂದ ಮಾಡಿಕೊಟ್ಟಿತು.

ಪೇಟೆಯ ಮಾಲೀಕರು ನಿಜಕ್ಕೂ ಓದಬೇಕಾದದ್ದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ನ್ಯಾಯವಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡಬೇಕು. ನೋಟಿಸಿಲ್ಲದೆ ತೆಗೆಯಬಹುದಾದದ್ದು ದುರ್ನಡತೆಗೆ ಮಾತ್ರ, ಅದೂ ವಿಚಾರಣೆಯಲ್ಲಿ ದಾಖಲಾದ ಸಾಕ್ಷ್ಯವಿದ್ದರೆ. ಇಷ್ಟು ಸರಳವಾದ ಕಲಂ ಇಷ್ಟೊಂದು ಕಡೆಗಣನೆಗೆ ಗುರಿಯಾದದ್ದು ನೋವಿನ ಸಂಗತಿ.

ಗಲ್ಲಾದಲ್ಲಿ ಹಣ ಕಡಿಮೆ ಬಂದಿದೆ ಎಂದುಕೊಳ್ಳಿ. ಸಾಹುಕಾರರು ಸಿಟ್ಟಿನಲ್ಲಿ ಹುಡುಗನಿಂದ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ರಾಜೀನಾಮೆ ಎಂದು ಬರೆದುಕೊಳ್ಳುತ್ತಾರೆ. ನ್ಯಾಯಾಲಯದಲ್ಲಿ ಈ ಕಾಗದ ನಿಲ್ಲುವುದು ಕಷ್ಟ. ಯಾವ ದಿನ, ಎಷ್ಟು ಹಣ, ಯಾವ ಆಧಾರದ ಮೇಲೆ ಅನುಮಾನ ಎಂದು ಬರೆದ ಕಾರಣ ಕೇಳುವ ನೋಟಿಸು ಕೊಡಬೇಕು. ಉತ್ತರಕ್ಕೆ ಸಮಯ ಬೇಕು. ದೂರು ಕೊಟ್ಟವರೇ ಸಾಕ್ಷಿ, ಅವರೇ ತೀರ್ಪುಗಾರರು ಆಗಬಾರದು. ಹೊರಗಿನ ವಕೀಲರೊಬ್ಬರನ್ನೋ ನಿವೃತ್ತ ಅಧಿಕಾರಿಯನ್ನೋ ವಿಚಾರಣೆಗೆ ಕೂರಿಸಬಹುದು. ಸಾಕ್ಷಿಯನ್ನು ಪಾಟೀಸವಾಲು ಮಾಡಲು ನೌಕರನಿಗೆ ಬಿಡಬೇಕು, ವರದಿಯ ಪ್ರತಿ ಕೊಡಬೇಕು. ಇಷ್ಟಾದ ಮೇಲಷ್ಟೇ ಶಿಕ್ಷೆಯ ಮಾತು. ವಿಚಾರಣೆಯಲ್ಲಿ ದೋಷವಿದ್ದರೆ ಮಾಲೀಕರ ದಾರಿ ಅಲ್ಲಿಗೇ ಮುಚ್ಚುವುದಿಲ್ಲ: ಕಾರ್ಮಿಕ ನ್ಯಾಯಾಲಯದೆದುರೇ ಸಾಕ್ಷ್ಯ ಮಂಡಿಸಬಹುದು ಎಂದು 1973ರ ಫೈರ್‌ಸ್ಟೋನ್ ತೀರ್ಪು ಹೇಳಿದೆ.

ಇನ್ನೊಂದು ನಿತ್ಯದ ಗೋಳು ಗೈರುಹಾಜರಿ. ಊರ ಜಾತ್ರೆಗೆ ಹೋದವರು ಹತ್ತು ದಿನ ಬರಲಿಲ್ಲ, ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದ್ದಾಯಿತು. ಎಂಟು ದಿನ ಮೀರಿ ಬಾರದಿದ್ದರೆ ಕೆಲಸ ತಾನಾಗಿಯೇ ಹೋಯಿತು ಎನ್ನುವ ನಿಯಮವಿದ್ದರೂ ಮಾತು ಕೇಳದೆ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿತು. ಜೀವನೋಪಾಯ ಸಂವಿಧಾನದ 21ನೇ ವಿಧಿಯ ಒಳಗಿನದು ಎಂಬುದು ಅದರ ಆಧಾರ. ವಿಳಾಸಕ್ಕೆ ಒಂದು ರಿಜಿಸ್ಟರ್ಡ್ ಪತ್ರ ಹಾಕುವ ಖರ್ಚಿಗೆ ಹಿಂದೆಗೆದು ವರ್ಷಗಟ್ಟಲೆಯ ಹಿಂಬಾಕಿ ಸಂಬಳದ ಹೊರೆ ಹೊರುವವರನ್ನು ಕಂಡಾಗ ಸಂಕಟವಾಗುತ್ತದೆ.

ತಪ್ಪಿಲ್ಲದೆ, ಕೆಲಸವೇ ಕಡಿಮೆಯಾಗಿ ತೆಗೆಯುವುದಾದರೆ ಲೆಕ್ಕ ಬೇರೆ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರಿಗೆ ಒಂದು ತಿಂಗಳ ನೋಟಿಸು, ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ. ಸಂಬಳ ಸಹಿತ ರಜೆ ಮತ್ತು ಭಾನುವಾರಗಳೂ ಆ 240ರಲ್ಲಿ ಸೇರುತ್ತವೆ ಎಂದು 1985ರಲ್ಲೇ ತೀರ್ಮಾನವಾಗಿದೆ. ಸುಗ್ಗಿಯಲ್ಲಿ ಮಾತ್ರ ಬರುವ ಅಡಿಕೆ ಸುಲಿಯುವವರು ಈ ಗೆರೆ ಮುಟ್ಟುವುದು ಅಪರೂಪ. ಗಿರಣಿಯ ರೈಟರು ಖಂಡಿತ ಮುಟ್ಟುತ್ತಾರೆ.

ಖಾಸಗಿ ಶಾಲೆಯ ಶಿಕ್ಷಕರದು ಬೇರೆ ದಾರಿ: 1983ರ ಶಿಕ್ಷಣ ಕಾಯ್ದೆಯ 92ನೇ ಕಲಂ ಪ್ರಕಾರ ವಿಚಾರಣೆ, ಆಮೇಲೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿ. ಸಹಕಾರ ಸಂಘದ ನೌಕರರ ಶಿಸ್ತಿನ ವ್ಯಾಜ್ಯ 2000ದ ಜೂನ್‌ನಿಂದ ಸಹಕಾರ ಕಾಯ್ದೆಯ 70ನೇ ಕಲಮಿನಡಿ ಬಂದಿದೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಧಾರಪ್ಪ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮೆಟ್ಟಿಲು ತಪ್ಪಿ ವರ್ಷಗಳು ಕಳೆದರೆ ಎರಡೂ ಕಡೆಗೆ ನಷ್ಟ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಗಳು 1946 ಮತ್ತು 1947ರ ಕಾಯ್ದೆಗಳ ಜಾಗಕ್ಕೆ ಬಂದಿವೆ. ಸ್ಥಾಯಿ ಆದೇಶಗಳ ಮಿತಿ ಮುನ್ನೂರು ಕಾರ್ಮಿಕರಿಗೆ ಏರಿದೆ; ಈ ಎರಡು ತಾಲ್ಲೂಕುಗಳ ಗಿರಣಿ, ಅಂಗಡಿಗಳಿಗೆ ಅದು ದೂರದ ಮಾತು. ಅವರನ್ನು ನೇರವಾಗಿ ತಟ್ಟುವುದು ವೇತನ ಸಂಹಿತೆಯ ಒಂದು ಸಾಲು. ತೆಗೆದುಹಾಕಿದರೂ ಸರಿ, ನೌಕರರೇ ಬಿಟ್ಟರೂ ಸರಿ, ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ ಚುಕ್ತಾ ಆಗಬೇಕು. ಹಬ್ಬ ಕಳೆಯಲಿ, ಅಡಿಕೆಗೆ ರೇಟು ಬರಲಿ ಎಂದು ಲೆಕ್ಕ ಮುಂದೂಡುವ ಹಳೆಯ ರೂಢಿಗೆ ಅಲ್ಲಿ ಎಡೆಯಿಲ್ಲ.