ಸರಕಾಗಿ ಬಂದ ಸಂತ

ಊರಿನ ಹೆಸರು ಬಾರಿ. ಹಡಗಿನಿಂದ ಮನೆಗೆ ಫೋನು ಹಚ್ಚಿ “ಬಾರಿಗೆ ಬಂದಿದ್ದೇನೆ” ಎಂದರೆ, “ಇದು ಎಷ್ಟನೇ ಬಾರಿ?” ಎಂದು ಹೆಂಡತಿ ನಗುತ್ತಿದ್ದಳು. ಇಟಲಿಯ ಬೂಟಿನ ಹಿಮ್ಮಡಿಗೆ ತುಸು ಮೇಲೆ, ಏಡ್ರಿಯಾಟಿಕ್ ಕಡಲಿಗೆ ಮುಖ ಮಾಡಿ ಕೂತ ಹಳೇ ಬಂದರು ಅದು. ನಾನು ಎಂಜಿನ್ ರೂಮಿನವನು. ಊರು ನೋಡುವ ಭಾಗ್ಯ ನಮಗೆ ಕಡಿಮೆ; ಹಡಗು ದಡಕ್ಕೆ ಕಟ್ಟಿದರೂ ಪಂಪು, ಪಿಸ್ಟನ್ನು ನಮ್ಮನ್ನು ಬಿಡವು. ಆದರೆ ಗೋಧಿ ಹೊತ್ತ ಹಡಗಿಗೆ ಮಳೆ ಬಂದರೆ ರಜೆ ಸಿಕ್ಕಂತೆ. ನಾಲ್ಕು ಹನಿ ಬಿದ್ದರೂ ಹಾಚ್ ಮುಚ್ಚಬೇಕು, ಕ್ರೇನು ನಿಲ್ಲಬೇಕು. ಆ ವರ್ಷ ಮೇ ಮೊದಲ ವಾರ ಮಳೆ ಬಿಟ್ಟೂ ಬಿಡದೆ ಹಿಡಿದು, ಪಾಸ್ತಾಕ್ಕೆಂದು ತಂದ ಗೋಧಿಯ ಜೊತೆ ನಾವೂ ಅಲ್ಲೇ ಉಳಿದೆವು.

ಮೇ 8ಕ್ಕೆ ಬಿಸಿಲು ಮೂಡಿತು. ಕೈಯೊರೆಸಿಕೊಂಡು ಹಳೇ ಊರಿನತ್ತ ನಡೆದೆ. ಓಣಿಗಳು ಎಷ್ಟು ಕಿರಿದೆಂದರೆ, ಎದುರು ಮನೆಯ ಒಗ್ಗರಣೆ ಈ ಮನೆಯವರಿಗೆ ಸೀನು ತರಿಸೀತು. ಬಾಗಿಲಲ್ಲೇ ಹಲಗೆ ಇಟ್ಟುಕೊಂಡ ಹೆಂಗಸರು ಹಿಟ್ಟಿನ ಉಂಡೆಯನ್ನು ಚಾಕುವಿನ ಬೆನ್ನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿ, ಪುಟ್ಟ ಕಿವಿಗಳನ್ನು ಮಾಡುತ್ತಿದ್ದರು. ಆ ಪಾಸ್ತಾದ ಹೆಸರೇ ‘ಪುಟ್ಟ ಕಿವಿ’, ಒರೆಕ್ಕಿಯೆತ್ತೆ. ಓಣಿ ದಾಟಿದರೆ ಹಳೇ ದಕ್ಕೆ. ಅಲ್ಲಿ ಮೀನುಗಾರರು ಆಕ್ಟೋಪಸ್ಸನ್ನು ಕಲ್ಲಿಗೆ ಬಡಿದು ಬಡಿದು ಮೆತ್ತಗೆ ಮಾಡುತ್ತಾರೆ, ಅಗಸರ ಕಲ್ಲಿನ ಸದ್ದೇ. ದಡದ ತುಂಬ ಜನ. ತುಸು ದೂರದ ನೀರಿನಲ್ಲಿ ಒಂದು ಮೀನುಗಾರಿಕೆ ದೋಣಿ. ಅದರ ಮೇಲೆ ಕಪ್ಪು ಮುಖದ, ಬಿಷಪ್ಪನ ಉಡುಪಿನ, ಮೂರು ಚಿನ್ನದ ಗುಂಡು ಹಿಡಿದ ವಿಗ್ರಹ. ಸಣ್ಣ ದೋಣಿಗಳು ಅದನ್ನು ಸುತ್ತುತ್ತಿದ್ದವು.

“ದೇವರನ್ನು ಯಾಕೆ ಕಡಲಲ್ಲಿ ಕೂರಿಸಿದ್ದೀರಿ?” ಎಂದು ಪಕ್ಕದ ಮುದುಕನನ್ನು ಕೇಳಿದೆ. ಹಡಗಿನಲ್ಲಿ ದುಡಿದವನಂತೆ, ನಮ್ಮ ಹಡಗಿನ ಇಂಗ್ಲಿಷು ಅವನಿಗೂ ಬರುತ್ತಿತ್ತು. “ಕಡಲಿನಿಂದಲೇ ಬಂದವನು. ನಾವೇ ಕದ್ದು ತಂದೆವು,” ಎಂದ. ಕದ್ದದ್ದನ್ನು ಅಷ್ಟು ಹೆಮ್ಮೆಯಿಂದ ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂತ ನಿಕೋಲ ನಾಲ್ಕನೇ ಶತಮಾನದಲ್ಲಿ ಮೀರಾ ಎಂಬ ಊರಿನ ಬಿಷಪ್. ಅದು ಈಗಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿದೆ. ಬಡವನೊಬ್ಬನ ಮೂರು ಹೆಣ್ಣುಮಕ್ಕಳ ಮದುವೆಗೆ ರಾತ್ರೋರಾತ್ರಿ ಚಿನ್ನದ ಗಂಟು ಎಸೆದು ಹೋದನೆಂಬ ಕಥೆಯಿಂದ ಕೈಗೆ ಮೂರು ಗುಂಡು ಬಂದಿವೆ. ಬಿರುಗಾಳಿಯಲ್ಲಿ ನಾವಿಕರನ್ನು ಕಾಯುವವನೂ ಅವನೇ. ಕ್ರಿಸ್‌ಮಸ್ಸಿನ ಗಡ್ಡದ ತಾತ ಹುಟ್ಟಿದ್ದು ಇವನ ಕಥೆಗಳಿಂದ.

ಅವನು ಬಾರಿಗೆ ಬರಲು 1071ನೇ ಇಸವಿ ಕಾರಣ. ಬಾರಿ ಅದಕ್ಕೂ ಹಿಂದೆ ಹಲವು ಕೈ ಕಂಡಿತ್ತು. 847ರಿಂದ 871ರವರೆಗೆ ಅರಬ್ ಅಮೀರರೂ ಆಳಿದ್ದರು. ಬಳಿಕ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಗೆ ಇಟಲಿಯಲ್ಲಿದ್ದ ನೆಲದ ರಾಜಧಾನಿಯಾಗಿ ಮೆರೆಯಿತು. ಸುಮಾರು ಮೂರು ವರ್ಷ ಮುತ್ತಿಗೆ ಹಾಕಿದ ನಾರ್ಮನ್ ದೊರೆ ರಾಬರ್ಟ್ ಗಿಸ್ಕಾರ್ 1071ರ ಏಪ್ರಿಲ್‌ನಲ್ಲಿ ಅದನ್ನು ಗೆದ್ದ. ಅದೇ ವರ್ಷದ ಆಗಸ್ಟ್‌ನಲ್ಲಿ ಮಾಂಜಿಕರ್ಟ್ ಕಾಳಗದಲ್ಲಿ ಚಕ್ರವರ್ತಿ ಸೆಲ್ಜುಕ್ ತುರ್ಕರಿಗೆ ಸೋತ. ಹೀಗೆ ಒಂದೇ ವರ್ಷದಲ್ಲಿ ಇತ್ತ ಬಾರಿಯ ಗತ್ತು ಇಳಿಯಿತು, ಅತ್ತ ಮೀರಾದ ಸಮಾಧಿಗೆ ಕಾವಲು ಸಡಿಲವಾಯಿತು. ಅಧಿಕಾರಿಗಳ ಅರಮನೆ ಖಾಲಿಯಾದ ವ್ಯಾಪಾರಿ ಊರಿಗೆ ಜನರನ್ನು ಸೆಳೆಯುವ ಬೇರೇನಾದರೂ ಬೇಕಿತ್ತು.

1087ರಲ್ಲಿ ಬಾರಿಯ ಮೂರು ಹಡಗು ಧಾನ್ಯ ಹೇರಿಕೊಂಡು ಅಂತಿಯೋಕಕ್ಕೆ ಹೋದವು. ಅಂದು ಗೋಧಿ ಇಲ್ಲಿಂದ ಹೊರಡುತ್ತಿತ್ತು, ಇಂದು ನಮ್ಮಂಥವರು ತಂದು ಸುರಿಯುತ್ತೇವೆ. ವೆನಿಸ್ಸಿನವರೂ ಮೀರಾದಲ್ಲಿದ್ದ ನಿಕೋಲನ ಎಲುಬುಗಳ ಮೇಲೆ ಕಣ್ಣಿಟ್ಟಿದ್ದಾರೆಂಬ ಸುದ್ದಿ ಅಲ್ಲಿ ಕಿವಿಗೆ ಬಿತ್ತು. ಮರಳುವಾಗ ಮೀರಾದ ರೇವಿನಲ್ಲಿ ಲಂಗರು ಹಾಕಿ, 47 ಮಂದಿ ಆಯುಧ ಹಿಡಿದು ಇಗರ್ಜಿಗೆ ನಡೆದರು. ಕಾವಲಿದ್ದ ಸನ್ಯಾಸಿಗಳಿಗೆ ಮೊದಲು ಹಣದ ಆಸೆ ತೋರಿಸಿದರು, ಒಪ್ಪದಿದ್ದಾಗ ಹೆದರಿಸಿದರು. ಮತ್ತೇಯೋ ಎಂಬ ನಾವಿಕ ಕಬ್ಬಿಣದ ಸುತ್ತಿಗೆಯಿಂದ ಸಮಾಧಿಯ ಚಪ್ಪಡಿ ಒಡೆದ. ಒಳಗೆ ಸುವಾಸನೆಯ ದ್ರವ ತುಂಬಿತ್ತಂತೆ. ಅದರೊಳಗೆ ಇಳಿದು ಎಲುಬುಗಳನ್ನು ತೆಗೆದುಕೊಟ್ಟ. ಊರವರು ಅಳುತ್ತಾ ದಡಕ್ಕೆ ಓಡಿಬಂದರೂ ಹಡಗುಗಳು ನಿಲ್ಲಲಿಲ್ಲ. ಮೇ 9, ಭಾನುವಾರ, ಬಾರಿ ತಲುಪಿದವು.

ಸರಕು ಇಳಿಸುವಾಗ ಜಗಳವಾಗದ ಬಂದರು ಉಂಟೇ? ಆರ್ಚ್‌ಬಿಷಪ್ ಊರ್ಸೊ ಎಲುಬುಗಳನ್ನು ತನ್ನ ಕೆಥೆಡ್ರಲ್ಲಿಗೆ ಕೇಳಿದ. ನಾವಿಕರು ಕೊಡಲಿಲ್ಲ, ಹೊಸ ಗುಡಿ ಕಟ್ಟಿಸುವ ಹರಕೆ ಹೊತ್ತಿದ್ದರು. ಬೀದಿಯಲ್ಲಿ ಕೈಕೈ ಮಿಲಾಯಿಸಿ ರಕ್ತವೂ ಹರಿಯಿತು. ಕೊನೆಗೆ ಎಲಿಯಾ ಎಂಬ ಮಠಾಧಿಪತಿಯನ್ನು ಎಲ್ಲರೂ ಒಪ್ಪಿದರು. ಚಕ್ರವರ್ತಿಯ ಅಧಿಕಾರಿ ಕೂರುತ್ತಿದ್ದ ಅರಮನೆಯ ಜಾಗದಲ್ಲೇ ಬಸಿಲಿಕಾ ಎದ್ದಿತು. 1089ರಲ್ಲಿ ಪೋಪ್ ಎರಡನೇ ಅರ್ಬನ್ ಬಂದು ಎಲುಬುಗಳನ್ನು ನೆಲಮಾಳಿಗೆಯಲ್ಲಿ ಇರಿಸಿದ. ನನಗೆ ಹಿಡಿಸಿದ್ದು ಮುಂದಿನ ಲೆಕ್ಕಾಚಾರ. ತಂದ 62 ನಾವಿಕರ ಹೆಸರಿನ ಪಟ್ಟಿ ಚರ್ಮದ ಹಾಳೆಯಲ್ಲಿ ಇಂದಿಗೂ ಉಳಿದಿದೆ; ಅವರಿಗೆ ಇಗರ್ಜಿಯಲ್ಲಿ ಕೂರುವ ಜಾಗ, ಗೋಡೆಯ ಬದಿ ಹೂಳುವ ಜಾಗ, ಕಾಣಿಕೆಯಲ್ಲಿ ಪಾಲು ಸಿಕ್ಕಿತು. ಸಾಹಸಕ್ಕೆ ಹೀಗೆ ಷೇರು ಕೊಟ್ಟದ್ದನ್ನು ನೋಡಿದರೆ ಅವರು ಅಪ್ಪಟ ಬಂದರಿನವರೇ.

ಈಗಲೂ ಮೇ 7ರ ಸಂಜೆ ಆ ಕಳ್ಳತನದ ಮೆರವಣಿಗೆ ಹೊರಡುತ್ತದೆ. ನಾವಿಕರ ವೇಷದವರು ಚಕ್ರದ ಮೇಲೆ ಕಟ್ಟಿದ ಹಡಗನ್ನು ಎಳೆಯುತ್ತಾರೆ, ನಮ್ಮ ತೇರಿನ ಹಾಗೆ. 8ಕ್ಕೆ ವಿಗ್ರಹದ ಕಡಲಯಾನ. 9ಕ್ಕೆ ಬಸಿಲಿಕಾದ ಮುಖ್ಯಸ್ಥರು ಬಗ್ಗಿ ಸಮಾಧಿಯ ತಳದಲ್ಲಿ ವರ್ಷವಿಡೀ ಕೂಡಿದ ‘ಮನ್ನಾ’ವನ್ನು ತೆಗೆಯುತ್ತಾರೆ. ಪರೀಕ್ಷೆ ಮಾಡಿದವರಿಗೆ ಅದು ಶುದ್ಧ ನೀರು, ಊರಿಗೆ ತೀರ್ಥ. ಚಿತ್ರ ಬರೆದ ಹಳೆಯ ಮನ್ನಾ ಬಾಟಲಿಗಳನ್ನು ಮನೆತನದವರು ಅಜ್ಜಿಯ ಒಡವೆಯಂತೆ ಕಾಪಾಡಿಕೊಂಡಿದ್ದಾರೆ.

ಈ ಹಬ್ಬವನ್ನು ಗ್ರೀಕ್ ಚರ್ಚು ಆಗ ಸ್ವೀಕರಿಸಲಿಲ್ಲ. ಕಳಕೊಂಡವರು ಯಾಕೆ ಆಚರಿಸಿಯಾರು? ರಷ್ಯದವರಿಗೆ ಮಾತ್ರ ಅದು ದೊಡ್ಡ ದಿನ. ಅವರ ಹಳೆಯ ಪಂಚಾಂಗದ ಮೇ 9 ನಮ್ಮ ಮೇ 22ಕ್ಕೆ ಬೀಳುವುದರಿಂದ ಎರಡು ವಾರದಲ್ಲಿ ಎರಡನೇ ಜಾತ್ರೆ. ವೆನಿಸ್ಸಿನವರೂ ಸುಮ್ಮನಿರಲಿಲ್ಲ. ಮೊದಲ ಧರ್ಮಯುದ್ಧದ ಹೊತ್ತಿಗೆ ಮೀರಾಕ್ಕೆ ಹೋಗಿ ಅಲ್ಲಿ ಉಳಿದಿದ್ದ ಚೂರುಗಳನ್ನು ತಂದರು. 1953ರಲ್ಲಿ ಬಾರಿಯ ಎಲುಬುಗಳನ್ನೂ, 1992ರಲ್ಲಿ ವೆನಿಸ್ಸಿನ ಚೂರುಗಳನ್ನೂ ಪರೀಕ್ಷಿಸಿದ ಅಂಗರಚನಾ ತಜ್ಞ ಲುಯಿಜಿ ಮಾರ್ತಿನೊ, ಎರಡೂ ಒಂದೇ ದೇಹದವು ಎಂದರು.

ಮೇ ತಿಂಗಳ ಹಬ್ಬ ಹೊರಗಿನವರದು, ನಮ್ಮದು ಡಿಸೆಂಬರ್ 6ರದು ಎಂದಿದ್ದ ಮುದುಕ. ಇನ್ನೊಂದು ವರ್ಷ ಚಳಿಯಲ್ಲಿ ಹೋದಾಗ ಅದನ್ನೂ ಕಂಡೆ. ನಸುಕಿನ 5 ಗಂಟೆಗೇ ಪೂಜೆ. ನೆಲಮಾಳಿಗೆಯಲ್ಲಿ ಕೆಂಪು ಕಲ್ಲಿನ ಒಂದು ಕಂಬವಿದೆ, ಸಂತನೇ ತಂದು ನಿಲ್ಲಿಸಿದನೆಂಬ ನಂಬಿಕೆ. ಗಂಡು ಸಿಗಲೆಂದು ಹುಡುಗಿಯರು ಅದಕ್ಕೆ ಮೂರು ಸುತ್ತು ಬರುತ್ತಿದ್ದರು. ಸವೆದೀತೆಂದು ಈಗ ಕಬ್ಬಿಣದ ಸಲಾಕೆಯೊಳಗೆ ಇಟ್ಟಿದ್ದಾರೆ. ಪೂಜೆ ಮುಗಿಸಿದ ಮನೆಮಂದಿಯೆಲ್ಲ ಬಿಸಿ ಚಾಕಲೇಟು ಕುಡಿಯುತ್ತಾರೆ. ಓಣಿಯಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಬೇಯಿಸಿ, ಕತ್ತರಿಸಿ, ಎಣ್ಣೆಯಲ್ಲಿ ಕರಿದ ಬಿಲ್ಲೆಗಳು. ಬಾಯಿ ಸುಟ್ಟುಕೊಂಡು ತಿಂದೆ.

ಆದರೆ ಡಿಸೆಂಬರ್ ಈ ಬಂದರಿಗೆ ಇನ್ನೊಂದು ನೆನಪನ್ನೂ ಇಟ್ಟಿದೆ. 1943ರ ಡಿಸೆಂಬರ್ 2ರಂದು, ಹಬ್ಬಕ್ಕೆ ನಾಲ್ಕೇ ದಿನವಿರುವಾಗ, ಜರ್ಮನ್ ವಿಮಾನಗಳು ಇಲ್ಲಿ ನಿಂತಿದ್ದ ಮಿತ್ರಪಡೆಗಳ ಹಡಗುಗಳ ಮೇಲೆ ಬಾಂಬ್ ಸುರಿದವು. ಅಮೆರಿಕದ ‘ಜಾನ್ ಹಾರ್ವೆ’ ಹಡಗಿನಲ್ಲಿ ಗುಟ್ಟಾಗಿ ತಂದ 2,000 ಸಾಸಿವೆ ಅನಿಲದ ಬಾಂಬುಗಳಿದ್ದವು. ವಿಷಯ ಗೊತ್ತಿದ್ದವರು ಹಡಗಿನೊಡನೆಯೇ ಸತ್ತರು. ಎಣ್ಣೆ ತೇಲುವ ನೀರಿನಿಂದ ಎದ್ದುಬಂದವರ ಮೈಮೇಲೆ ಬೊಕ್ಕೆ ಏಕೆ ಏಳುತ್ತಿದೆಯೆಂದು ಆಸ್ಪತ್ರೆಯವರಿಗೆ ತಿಳಿಯಲಿಲ್ಲ. ವೈದ್ಯ ಸ್ಟೂವರ್ಟ್ ಅಲೆಕ್ಸಾಂಡರ್ ಬಂದು ಕಾರಣ ಪತ್ತೆಹಚ್ಚಿದರು. ಬಿಳಿ ರಕ್ತಕಣಗಳು ಕುಸಿದದ್ದನ್ನು ಬರೆದಿಟ್ಟ ಅವರ ವರದಿ ಮುಂದೆ ಕ್ಯಾನ್ಸರ್ ಔಷಧದ ಶೋಧಕ್ಕೂ ಒದಗಿತು. ಹಡಗಿನ ಹೊಟ್ಟೆಯಲ್ಲಿ ಬದುಕಿದವನಿಗೆ ಈ ಕಥೆ ಓದಿದ ರಾತ್ರಿ ನಿದ್ದೆ ಬರುವುದಿಲ್ಲ. ಏನನ್ನು ಹೊತ್ತಿದ್ದೇವೆ ಎಂದು ಕೇಳುವ ಹಕ್ಕೂ ಎಷ್ಟೋ ಸಲ ನಮಗಿರುವುದಿಲ್ಲ.

1991ರ ಆಗಸ್ಟ್ 8ರಂದು ಬಂದದ್ದು ಬೇರೆ ಸರಕು. ಕ್ಯೂಬಾದಿಂದ ಸಕ್ಕರೆ ತಂದಿದ್ದ ‘ವ್ಲೋರಾ’ ಹಡಗಿಗೆ ಅಲ್ಬೇನಿಯಾದ ಡುರೆಸ್ ಬಂದರಿನಲ್ಲಿ ಸುಮಾರು 20,000 ಜನ ಏರಿಬಿಟ್ಟರು. ಕೂವೆಗೂ ಹಗ್ಗಕ್ಕೂ ಜೋತುಬಿದ್ದು ಬಾರಿ ಮುಟ್ಟಿದರು. ಸರ್ಕಾರ ಅವರನ್ನು ಕ್ರೀಡಾಂಗಣವೊಂದಕ್ಕೆ ತುಂಬಿಸಿತು. ಮೇಯರ್ ಎನ್ರಿಕೊ ದಲ್ಫಿನೊ ಇದನ್ನು ಬಹಿರಂಗವಾಗಿ ವಿರೋಧಿಸಿ ದೇಶದ ಅಧ್ಯಕ್ಷರ ಸಿಟ್ಟಿಗೆ ಗುರಿಯಾದರು. ಬಂದವರಲ್ಲಿ ಬಹುಪಾಲು ಜನರನ್ನು ಕೆಲವೇ ದಿನಗಳಲ್ಲಿ ಮರಳಿ ಕಳಿಸಲಾಯಿತು.

“ಸಂತ ನಿಕೋಲನಿಗೆ ಹೊರಗಿನವರ ಮೇಲೇ ಪ್ರೀತಿ” ಎಂಬುದು ಬಾರಿಯ ಗಾದೆ. ಮುದುಕ ಅದನ್ನು ಹೇಳಿದ್ದು ಅರ್ಧ ಗೊಣಗಾಟದಲ್ಲಿ: ನಮ್ಮ ಹರಕೆ ಬಾಕಿಯಿಟ್ಟು ಪರದೇಶದವರ ಕೆಲಸ ಮೊದಲು ಮಾಡಿಕೊಡುತ್ತಾನೆ, ಎಂದು. ಅವನಾದರೂ ಇನ್ನೇನು ಮಾಡಿಯಾನು, ಅವನೇ ಹೊರಗಿನವನಲ್ಲವೇ, ಎಂದೆ ನಾನು. ಮುದುಕ ನಕ್ಕು ಒಂದು ತುಂಡು ಹಸಿ ಆಕ್ಟೋಪಸ್ ನೀಡಿದ. ನುಂಗಿದೆ, ಮರ್ಯಾದೆಯ ಪ್ರಶ್ನೆ.

ಮೇ 8ರ ಆ ಸಂಜೆ ಹಡಗಿಗೆ ಮರಳುವಾಗ ಡುರೆಸ್‌ಗೆ ಹೋಗುವ ಫೆರಿಯ ಮುಂದೆ ಸಾಲು ನಿಂತಿತ್ತು. ಕಾರಿನ ತಲೆಯ ಮೇಲೆ ಹಾಸಿಗೆ, ಸೈಕಲ್ಲು, ಪ್ಲಾಸ್ಟಿಕ್ ಕುರ್ಚಿ. ಕೈಯಲ್ಲಿ ಟಿಕೆಟ್ಟು ಹಿಡಿದು, ಯಾರ ಹೆದರಿಕೆಯೂ ಇಲ್ಲದೆ ನಿಂತಿದ್ದರು. ಹಳೇ ಊರಿನ ಮೇಲೆ ಬಾಣಬಿರುಸು ಸಿಡಿದಾಗ ಮಕ್ಕಳನ್ನು ಹೆಗಲಿಗೇರಿಸಿ ತೋರಿಸಿದರು. ಮರುದಿನ ನಮ್ಮ ಹಾಚ್ ತೆರೆಯಿತು, ಗೋಧಿ ಇಳಿಯಿತು.