ಹನ್ನೊಂದು ತಿಂಗಳ ಸಿಎಂ, ಹತ್ತು ವರ್ಷದ ಎಂಪಿ

ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡು ಇದನ್ನ ಕೇಳ್ತಿರೋರಿಗೆ ಒಂದು ಪ್ರಶ್ನೆ. 2014ರಿಂದ 2024ರವರೆಗೆ ನಿಮ್ಮ ಎಂಪಿ ಆಗಿದ್ದ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಎಷ್ಟು ದಿನ ಇದ್ರು? (ಯಲಹಂಕದವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಲೋಕಸಭಾ ಓಟು ಚಿಕ್ಕಬಳ್ಳಾಪುರಕ್ಕೆ ಹೋಗುತ್ತೆ.)

ಒಂದು ವರ್ಷವೂ ಇಲ್ಲ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆದ್ರೆ ಉತ್ತರಾಧಿಕಾರಿ ಯಾರು ಅನ್ನೋ ಮಾತಲ್ಲಿ ಪಟ್ಟು ಬಿಡಲಿಲ್ಲ. ಅವರು ಮುಂದಿಟ್ಟ ಹೆಸರು ಸುಳ್ಯ ಕಡೆಯ ಸದಾನಂದ ಗೌಡರದ್ದು. ಎದುರಿಗೆ ಜಗದೀಶ ಶೆಟ್ಟರ್. ಶಾಸಕರ ರಹಸ್ಯ ಮತದಾನದಲ್ಲಿ ಗೌಡರು ಗೆದ್ದರು, ಆಗಸ್ಟ್ 4ರಂದು ಪ್ರಮಾಣವಚನ.

ಗೆದ್ದರು ನಿಜ, ಆದ್ರೆ ಮತಗಳು ಅವರವಲ್ಲ. ನನ್ನ ಪ್ರಕಾರ ಅವರ ಇಡೀ ಕಥೆ ಇಲ್ಲೇ ಇದೆ. ಸ್ವಂತ ಶಾಸಕರ ಗುಂಪು ಇಲ್ಲದ ಮುಖ್ಯಮಂತ್ರಿಗೆ ಕುರ್ಚಿ ಅಂದ್ರೆ ಕಡ. ಅವರು ಹೇಳಿದ ಮಾತು ಕೇಳ್ತಿಲ್ಲ ಅಂತ ಯಡಿಯೂರಪ್ಪ ಬಣಕ್ಕೆ ಅನ್ನಿಸಿದ ದಿನದಿಂದಲೇ ಎಣಿಕೆ ಶುರು. 2012ರ ಮಾರ್ಚ್‌ನಲ್ಲಿ ಗೌಡರೇ ಬಿಟ್ಟುಕೊಟ್ಟಿದ್ದ ಉಡುಪಿ-ಚಿಕ್ಕಮಗಳೂರು ಸೀಟನ್ನ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಜಯಪ್ರಕಾಶ್ ಹೆಗ್ಡೆ ಗೆದ್ದುಕೊಂಡರು. ಜುಲೈನಲ್ಲಿ ಸಿಎಂ ಕುರ್ಚಿಯೂ ಹೋಯ್ತು. ಬಂದವರು ಅದೇ ಶೆಟ್ಟರ್, ಈ ಸಲ ಅದೇ ಯಡಿಯೂರಪ್ಪ ಬಣದ ಬೆಂಬಲದಿಂದ!

ಈ ಗದ್ದಲದ ನಡುವೆ, 2012ರ ಏಪ್ರಿಲ್ 2ರಂದು, ರಾಜ್ಯದಾದ್ಯಂತ ‘ಸಕಾಲ’ ಜಾರಿಯಾಯ್ತು. 151 ಸೇವೆಗಳು, ಪ್ರತಿಯೊಂದಕ್ಕೂ ಗಡುವು. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ರೆ 15 ಅಂಕಿಯ ನಂಬರ್ ಕೈಗೆ ಬರುತ್ತೆ. ತಡವಾದ್ರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯಿಂದ ವಸೂಲಿ. ಮೊತ್ತ ಸಣ್ಣದು. ಆದ್ರೆ ‘ನಾಳೆ ಬಾ’ ಅನ್ನೋ ಮಾತಿಗೆ ಬೆಲೆ ಕಟ್ಟಿದ್ದು ಸಣ್ಣದಲ್ಲ.

ಆಮೇಲೆ ಉತ್ತರ ಬೆಂಗಳೂರು. ಜಾಫರ್ ಷರೀಫ್ ಹಲವು ಬಾರಿ ಗೆದ್ದ ಕ್ಷೇತ್ರ ಇದು. 2009ರಲ್ಲಿ ಅವರನ್ನ ಸೋಲಿಸಿದ ಡಿ.ಬಿ. ಚಂದ್ರೇಗೌಡರು ಮೂಡಿಗೆರೆ ಕಡೆಯವರು, 2014ರಲ್ಲಿ ಬಂದ ಸದಾನಂದ ಗೌಡರು ಕರಾವಳಿಯವರು. ಯಶವಂತಪುರದಲ್ಲಿ ರೈಲಿಳಿದು ಇಲ್ಲೇ ಬದುಕು ಕಟ್ಟಿಕೊಂಡ ಜನಕ್ಕೆ ಹೊರಗಿನವರು ಅನ್ನೋದು ದೊಡ್ಡ ವಿಷಯ ಆಗಲಿಲ್ಲ ಅನ್ಸುತ್ತೆ. ಷರೀಫರಂತೆ ಗೌಡರೂ ರೈಲ್ವೆ ಮಂತ್ರಿಯಾದ್ರು, ಆದ್ರೆ ಆರೇ ತಿಂಗಳು. ನಂತರ ಕಾನೂನು, ಸಾಂಖ್ಯಿಕ, ರಸಗೊಬ್ಬರ ಖಾತೆಗಳು; 2021ರ ಜುಲೈನಲ್ಲಿ ಸಂಪುಟದಿಂದ ಹೊರಕ್ಕೆ.

2024ರಲ್ಲಿ ಟಿಕೆಟ್ ಶೋಭಾ ಕರಂದ್ಲಾಜೆಯವರಿಗೆ ಹೋಯ್ತು. ಅವರು ಆಗ ಎಂಪಿಯಾಗಿದ್ದ ಕ್ಷೇತ್ರ ಯಾವುದು ಗೊತ್ತಾ? ಉಡುಪಿ-ಚಿಕ್ಕಮಗಳೂರು.